ಮುರಿಯಾನ ವಂಶಾವಳಿ

ನುಗ್ಜಾರ ತನ್ನ ಐವತ್ತೊಂದು ವರ್ಷದ ಬಾಳಿನಲ್ಲಿ ಹೇಳಿದ ಸುಳ್ಳುಗಳನ್ನು ಬೆರಳು ಮಡಿಸಿ ಎಣಿಸಬಹುದಿತ್ತು. ಇದಕ್ಕೆ ಅವನ ಸತ್ಯಸಂಧತೆ ಕಾರಣವೆಂದು ಯಾರೂ ತಿಳಿಯಬಾರದು. ಸುಳ್ಳು ಹೇಳಿದ ಮೇಲೆ ಅದನ್ನು ನೆನಪಿಟ್ಟುಕೊಳ್ಳಬೇಕು, ಕೇಳಿದವರಿಗೆಲ್ಲ ಒಂದೇ ತೆರನಾಗಿ ಹೇಳಬೇಕು, ಅಷ್ಟೊಂದು ಉಸಾಬರಿ ಯಾರಿಗೆ ಬೇಕು ಎಂಬ ಸೋಮಾರಿತನವೇ ಕಾರಣ. ತ್ಬಿಲಿಸಿಯ ಮೆಟ್ರೋ ನಿಲ್ದಾಣವೊಂದರ ಮೆಟ್ಟಿಲ ಕೆಳಗೆ, ಮೂರಡಿ ಅಗಲದ ಗೂಡಂಗಡಿಯಲ್ಲಿ ಕೂತು ಊರವರ ಕನ್ನಡಕಗಳ ಮುರಿದ ಕಾಲು ಜೋಡಿಸುವುದು ಅವನ ಕಸುಬು. ಅವನ ಸ್ವಂತ ಕನ್ನಡಕದ ಎಡಗಾಲಿಗೆ ಮಾತ್ರ ಎರಡು ವರ್ಷದಿಂದ ದಾರ ಸುತ್ತಿತ್ತು.

ಇಂಥ ನಿರುಪದ್ರವಿಯ ಹಿಂದೆ ಅಕ್ಟೋಬರ್ ತಿಂಗಳ ಮಳೆಯಲ್ಲಿ ಒಂದು ನಾಯಿ ಬಂತು. ಗೂಡಂಗಡಿಯ ಪಕ್ಕದ ಮೀನಿನ ಸಾಲಿನಲ್ಲಿ ಹುಟ್ಟಿ ಬೆಳೆದ ಆ ನಾಯಿಗೆ ಮುರಿಯಾ ಎಂದು ಹೆಸರು. ಮುರಿಯಾ ಎಂಬ ಹೆಸರಿನ ನಾಯಿಗಳು ಆ ದೇಶದಲ್ಲಿ ಬೀದಿಗೆ ನಾಲ್ಕು ಇರುತ್ತವೆ. ಉದ್ದ ಮೈ, ಗಿಡ್ಡ ಕಾಲು, ಪೊದೆಯಂಥ ಬಾಲ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಕೆಳಗಿನ ಕಿವಿಗೆ, ಊರಿನ ಬೀದಿನಾಯಿಗಳಿಗೆಲ್ಲ ಸೂಜಿ ಹಾಕಿ ಗುರುತಿಗೆಂದು ಚುಚ್ಚುವ ಹಳದಿ ಬಿಲ್ಲೆ. ಅದು ನುಗ್ಜಾರನ ಹಿಂದೆಯೇ ಬಂದು ಅವನ ಕೋಣೆಯ ಬಾಗಿಲಲ್ಲಿ ನಿಂತು, ಒದೆಸಿಕೊಳ್ಳಲು ತಯಾರಾದ ಮುಖದಿಂದ ಅವನನ್ನು ನೋಡಿತು. ನುಗ್ಜಾರ ಒದೆಯಲಿಲ್ಲ. ಮಾರನೆಯ ದಿನ ಅವನು ಅಂಗಡಿಯಿಂದ ಬಂದು ಬಾಗಿಲು ತೆಗೆದಾಗ ಅದು ಎದ್ದು ನಿಂತಿತು. ಹೆಂಡತಿ ತೀರಿಕೊಂಡ ಮೇಲಿನ ಏಳು ವರ್ಷಗಳಲ್ಲಿ ಅವನು ಮನೆಗೆ ಬಂದನೆಂದು ಎದ್ದು ನಿಂತ ಮೊದಲ ಜೀವ ಅದು. ಅವನಿಗೆ ಕಣ್ಣು ತುಂಬಿ ಬಂದು, ಕನ್ನಡಕ ಒರೆಸಲು ಹೋಗಿ ದಾರ ಬಿಚ್ಚಿಹೋಯಿತು.

ಈಗ ಮನೆಯ ಯಜಮಾನರ ವಿಷಯಕ್ಕೆ ಬರಬೇಕು. ಚುಗುರೇತಿ ಕೇರಿಯ ಆ ಹಳೆಯ ಅಂಗಳದ ಮನೆಯಲ್ಲಿ ಕೆಳಗೆ ನುಗ್ಜಾರ, ಎದುರಿನ ಮರದ ಜಗಲಿಯಲ್ಲಿ ನಾನೂಲಿ ಎಂಬ ವಿಧವೆ, ಮಹಡಿಯಲ್ಲಿ ಯಜಮಾನ ಬೆಸಾರಿಯೋನರು. ಬೆಸಾರಿಯೋನರು ನಕಾಶೆ ಬರೆಯುವ ಕೆಲಸದಿಂದ ನಿವೃತ್ತರಾಗಿ, ಒಬ್ಬಂಟಿಗರಾಗಿ, ಒಬ್ಬ ಪೂರ್ವಿಕನ ಜೊತೆ ವಾಸವಾಗಿದ್ದರು. ಆ ಪೂರ್ವಿಕ ರಾಚಾ ಸೀಮೆಯವನು, ಯಾವುದೋ ರಾಜನ ಬೇಟೆಪಡೆಯ ಮುಖ್ಯಸ್ಥ. ಅವನ ತೈಲಚಿತ್ರ ಮಹಡಿಯ ಗೋಡೆಯ ಮೇಲಿತ್ತು. ಕೋಣೆ ಕೇಳಿಕೊಂಡು ಬಂದವರು ಮೊದಲು ಆ ಚಿತ್ರದ ಮುಂದೆ ಕೂತು ಒಂದು ಗಂಟೆ ವಂಶಚರಿತ್ರೆ ಕೇಳಬೇಕು. ನಡುವೆ ಆಕಳಿಸಿದವರಿಗೆ ಬೀಗದ ಕೈ ಇಲ್ಲ. ನುಗ್ಜಾರ ಒಂದೂವರೆ ಗಂಟೆ ಕೇಳಿದ್ದರಿಂದ ಕೋಣೆ ಸಿಕ್ಕಿತ್ತು. ಕರಾರು ಒಂದೇ: ಕುಲಗೋತ್ರವಿಲ್ಲದ ಯಾವ ಪ್ರಾಣಿಯೂ ಈ ಹೊಸ್ತಿಲು ದಾಟಕೂಡದು.

ಊರಿಗೆ ಹೊರಗಿನವರು ಬಂದು ತುಂಬಿದ ಮೇಲೆ ಬಾಡಿಗೆ ಕೋಣೆ ಹುಡುಕಿ ನುಗ್ಜಾರನ ಎರಡು ಜೊತೆ ಬೂಟು ಸವೆದಿದ್ದವು. ಈ ಕೋಣೆ ಹೋದರೆ ಅವನಿಗೆ ಮೂರಡಿ ಗೂಡಂಗಡಿಯೇ ಗತಿ. ಹಾಗಾಗಿ ಅವನು ನಾಯಿಯನ್ನು ಬಚ್ಚಿಟ್ಟ. ಮುರಿಯಾ ಬೊಗಳಿದಾಗಲೆಲ್ಲ ಆ ಸದ್ದು ಮುಚ್ಚಲು ಜೋರಾಗಿ ಕೆಮ್ಮತೊಡಗಿದ. ಮೂರು ವಾರ ಕೆಮ್ಮಿದ. ಅಂಗಳದವರೆಲ್ಲ ಅವನಿಗೆ ಕ್ಷಯವೆಂದು ತೀರ್ಮಾನಿಸಿದರು. ನಾನೂಲಿ ವಾರಕ್ಕೆರಡು ಶೀಸೆ ರಾಸ್ಪ್‌ಬೆರಿ ಮುರಬ್ಬ ಕಳಿಸತೊಡಗಿದಳು. ಈ ನಡುವೆ ಮುರಿಯಾ ವ್ಯವಹಾರವನ್ನು ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡಿತು. ತಾನು ಬೊಗಳಿದರೆ ಇವನು ಕೆಮ್ಮುತ್ತಾನೆ, ಆದ್ದರಿಂದ ಇವನು ಕೆಮ್ಮಿದರೆ ತಾನು ಬೊಗಳಬೇಕು, ಇದು ಮನೆಯ ಮರ್ಯಾದೆ ಎಂದು ತಿಳಿಯಿತು.

ನವೆಂಬರಿನಲ್ಲಿ ನುಗ್ಜಾರನಿಗೆ ನಿಜವಾಗಿ ನೆಗಡಿಯಾಯಿತು. ಬೆಳಿಗ್ಗೆ ಮೆಟ್ಟಿಲ ಬಳಿ ಬೆಸಾರಿಯೋನರು ಎದುರಾದರು. ನುಗ್ಜಾರ ಟೋಪಿ ತೆಗೆದು ನಮಸ್ಕಾರ ಹೇಳಲು ಬಾಯಿ ತೆರೆದ. ನಮಸ್ಕಾರದ ಬದಲು ಕೆಮ್ಮು ಬಂತು. ಒಳಗಿನಿಂದ ಮುರಿಯಾ ವಿಧೇಯವಾಗಿ ಉತ್ತರ ಕೊಟ್ಟಿತು.

ಬೆಸಾರಿಯೋನರು ಬಾಗಿಲು ತಳ್ಳಿದರು.

“ಏನಿದು?”

“ನಾಯಿ, ಬಾಟೊನೋ ಬೆಸಾರಿಯೋನ್.” ಹಿರಿಯರನ್ನು ಬಾಟೊನೋ ಎನ್ನದೆ ಕರೆಯುವುದುಂಟೆ, ಅದರಲ್ಲೂ ಇಂಥ ಹೊತ್ತಿನಲ್ಲಿ!

“ನಾಯಿ ಅಂತ ನಂಗೂ ಕಾಣ್ತಿದೆ ಕಣಯ್ಯಾ, ಕುದುರೆ ಅಂದ್ಕೊಂಡಿಲ್ಲ. ಯಾವ ತಳಿ? ಬೀದಿನಾಯಿ ಆಗಿದ್ರೆ ಸಾಯಂಕಾಲದೊಳಗೆ ಅದೂ ಹೊರಗೆ, ನೀನೂ ಹೊರಗೆ.”

ಹಳದಿ ಬಿಲ್ಲೆಯನ್ನು ನುಗ್ಜಾರ ಕನ್ನಡಕದ ಇಕ್ಕಳದಿಂದ ಆಗಲೇ ಕಿತ್ತು ಡಬ್ಬಿಯಲ್ಲಿ ಬಚ್ಚಿಟ್ಟಿದ್ದ, ಅದೊಂದು ಪುಣ್ಯ. ಆದರೆ ತಳಿಯ ಹೆಸರು? ಅವನಿಗೆ ತಿಳಿದಿದ್ದ ಎರಡು ತಳಿಗಳು ದೊಡ್ಡ ನಾಯಿ ಮತ್ತು ಸಣ್ಣ ನಾಯಿ. ಆ ಗಳಿಗೆಯಲ್ಲಿ ಒಂದೂವರೆ ಗಂಟೆ ಕೇಳಿದ ವಂಶಚರಿತ್ರೆ ಅವನ ಬಾಯಿಗೆ ತಾನಾಗಿ ಬಂತು.

“ಇದು ರಾಚಾ ಕಡೆಯ ಬೇಟೆನಾಯಿ, ಬಾಟೊನೋ. ಹಿಂದಿನ ಕಾಲದಲ್ಲಿ ರಾಜನ ಬೇಟೆ ಮುಖ್ಯಸ್ಥರು ಸಾಕ್ತಿದ್ರಂತಲ್ಲ, ಆ ತಳಿ. ನಾಶ ಆಗೋಯ್ತು ಅಂತಾರೆ. ಪೂರ್ತಿ ಆಗಿಲ್ಲ.”

ಬೆಸಾರಿಯೋನರು ಮೆಟ್ಟಿಲ ಕಟಾಂಜನ ಹಿಡಿದುಕೊಂಡರು.

“ಕಿವೀಲಿ ತೂತು?”

“ಅದೇ ಗುರುತು! ಮುಖ್ಯಸ್ಥರ ನಾಯಿಗೆ ಬೆಳ್ಳಿ ಓಲೆ ಹಾಕ್ತಿದ್ರಂತೆ.”

ಒಂದು ಸುಳ್ಳಿಗೆ ಇಷ್ಟು ಸಾಕಿತ್ತು. ಆದರೆ ಅಭ್ಯಾಸವಿಲ್ಲದವರು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. “ಕಾಲು ಗಿಡ್ಡ ಯಾಕೆ ಅಂದ್ರೆ,” ಎಂದು ನುಗ್ಜಾರ ಸೇರಿಸಿದ, “ರಾಜನ ಮುಂದೆ ಬಗ್ಗಿ ಬಗ್ಗಿ ಹಾಗಾಗಿದೆ.”

“ಪ್ರಮಾಣ ಬೇಕು,” ಎಂದರು ಬೆಸಾರಿಯೋನರು. “ಮೊಹರು ಬಿದ್ದ ಪ್ರಮಾಣ. ಭಾನುವಾರದೊಳಗೆ.”

ಪಶುವೈದ್ಯೆ ಲಾಮಾರಾ ಮುರಿಯಾನನ್ನು ಮೇಜಿನ ಮೇಲೆ ನಿಲ್ಲಿಸಿ ಸುತ್ತಲೂ ಒಂದು ಪ್ರದಕ್ಷಿಣೆ ಬಂದಳು.

“ಮುಂದಿನಿಂದ ನೋಡಿದ್ರೆ ಮುಂಗುಸಿ. ಹಿಂದಿನಿಂದ ನೋಡಿದ್ರೆ ನರಿ. ಮಧ್ಯದಲ್ಲಿ ಯಾರೂ ಇಲ್ಲ. ಏನ್ ಬರೀಲಿ ನಾನು?”

“ರಾಜನ ಬೇಟೆನಾಯಿ ಅಂತ ಬರೀರಿ, ಡಾಕ್ಟ್ರೇ. ಒಂದು ಮನೆ ಉಳಿಯತ್ತೆ.”

“ನನ್ನ ಕೆಲಸ ಹೋಗತ್ತೆ,” ಎಂದು ಅವಳು ಬರೆದದ್ದು ಹೀಗೆ: ನಾಯಿ. ಗಂಡು. ಹೊಟ್ಟೆಹುಳುವಿಗೆ ಔಷಧಿ ಕೊಟ್ಟಿದೆ. ತಳಿ: ನಿರ್ಧರಿಸಲು ಸಾಧ್ಯವಾಗಲಿಲ್ಲ. ಕೆಳಗೆ ದುಂಡನೆಯ ನೀಲಿ ಮೊಹರು.

ನುಗ್ಜಾರ ಆ ಕಾಗದವನ್ನು ಮರಣದಂಡನೆಯ ಆದೇಶದ ಹಾಗೆ ಹಿಡಿದುಕೊಂಡು ಮಹಡಿ ಹತ್ತಿದ. ಬೆಸಾರಿಯೋನರು ಮೊದಲು ಮೊಹರನ್ನು ಓದಿದರು, ಆಮೇಲೆ ಕಾಗದವನ್ನು.

“ನಿರ್ಧರಿಸಲು ಸಾಧ್ಯವಾಗಲಿಲ್ಲ!” ಎಂದು ಕೂಗಿದರು. “ನೋಡಿದ್ಯೇನಯ್ಯಾ? ಈಗಿನ ಡಾಕ್ಟರುಗಳಿಗೆ ಗುರುತೇ ಹತ್ತದಷ್ಟು ಹಳೇ ತಳಿ! ಪೂಡಲ್ಲು ಗೀಡಲ್ಲು ಆಗಿದ್ರೆ ಒಂದು ನಿಮಿಷದಲ್ಲಿ ಹೇಳ್ತಿದ್ಲು.”

ಆದರೂ ಅವರು ನ್ಯಾಯವಂತರು, ಒಂದು ಪ್ರಮಾಣಕ್ಕೆ ತೃಪ್ತರಾಗುವವರಲ್ಲ. ಎದುರಿನ ಜಗಲಿಯಿಂದ ನಾನೂಲಿಯನ್ನು ಸಾಕ್ಷಿಗೆ ಕರೆಸಿದರು. ನುಗ್ಜಾರನ ಜೀವ ಹಾರಿಹೋಯಿತು. ನಾನೂಲಿ ವಾರಕ್ಕೆರಡು ಸಲ ಮೀನು ಕೊಳ್ಳುವವಳು, ಮುರಿಯಾನನ್ನು ಕಣ್ಣು ಬಿಡದ ಮರಿಯಾಗಿದ್ದಾಗಿನಿಂದ ಬಲ್ಲವಳು. ಅವನು ಅವಳನ್ನು ಮೆಟ್ಟಿಲಲ್ಲೇ ತಡೆದು ಎರಡೂ ಕೈ ಹಿಡಿದುಕೊಂಡ.

“ನಾನೂಲಕ್ಕಾ, ಒಂದೇ ಒಂದು ಸಲ ನೋಡಿಲ್ಲ ಅಂದ್ಬಿಡು.”

“ಕ್ಷಯ ಅಂತ ಆರು ಶೀಸೆ ಮುರಬ್ಬ ತಿಂದ್ಯಲ್ಲೋ, ದರಿದ್ರದವನೇ! ನಾಯೀಗ್ ತಿನ್ನಿಸಿದ್ಯಾ?”

“ಅರ್ಧ ಅರ್ಧ ತಿಂದ್ವಿ ಕಣಕ್ಕಾ.”

ನಾನೂಲಿ ಬೈಯುತ್ತಲೇ ಮಹಡಿ ಹತ್ತಿದಳು. ಹತ್ತಿದವಳು ಬರೀ ಇಲ್ಲವೆಂದಿದ್ದರೆ ಸಾಕಿತ್ತು. ಆದರೆ ಸಾಕ್ಷಿ ಹೇಳುವ ಸಂಭ್ರಮ ಅವಳಿಗೆ ಬಾಳಿನಲ್ಲಿ ಮೊದಲನೆಯದು. ಸಂತ ನೀನೋಳ ಪಟದ ಮೇಲೆ ಕೈಯಿಟ್ಟು, “ಇಂಥ ನಾಯೀನ ಈ ಊರ ಬೀದೀಲಿ ನಾನು ನೋಡಿದ್ರೆ ನನ್ನ ಕಣ್ಣು ಹಿಂಗಿಹೋಗ್ಲಿ” ಎಂದು ಆಣೆ ಹಾಕಿಯೇ ಇಳಿದಳು.

ಕೊನೆಯದಾಗಿ ತೈಲಚಿತ್ರ. ಹೊಗೆ ಹಿಡಿದು ಕಪ್ಪಾದ ಆ ಚಿತ್ರದಲ್ಲಿ ಪೂರ್ವಿಕನ ಮೀಸೆ ಕಾಣುತ್ತಿತ್ತು, ಉಳಿದದ್ದನ್ನು ಊಹಿಸಿಕೊಳ್ಳಬೇಕು. ಕಾಲ ಬಳಿ ಒಂದು ಕಂದು ಮಚ್ಚೆ. ಇಷ್ಟು ವರ್ಷ ಬೆಸಾರಿಯೋನರು ಅದನ್ನು ಬೂಟು ಎಂದುಕೊಂಡಿದ್ದರು. ಈಗ ನುಗ್ಜಾರನಿಂದ ಅವನ ಅಂಗಡಿಯ ಭೂತಗನ್ನಡಿ ತರಿಸಿ, ಕುರ್ಚಿಯ ಮೇಲೆ ಹತ್ತಿ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ಇಳಿದಾಗ ಅವರ ಕೆನ್ನೆ ಒದ್ದೆಯಾಗಿತ್ತು.

“ಒಂದು ಕಿವಿ ಮೇಲೆ,” ಎಂದರು. “ಒಂದು ಕಿವಿ ಕೆಳಗೆ.”

ನುಗ್ಜಾರನಿಗೆ ಮನೆ ಉಳಿಯಿತೆಂದು ಎಷ್ಟು ಹಿಗ್ಗಾಯಿತೆಂದರೆ ಮುಂದಿನ ಮಾತು ಅವನ ಕಿವಿಗೆ ತಡವಾಗಿ ಬಿತ್ತು.

“ಇನ್ನೂರು ವರ್ಷ ಆದ್ಮೇಲೆ ಮನೆಗೆ ಬಂದಿದೆ. ಇನ್ನು ಅದು ಮೆಟ್ಟಿಲ ಕೆಳಗಿರೋದು ಚೆನ್ನಾಗಿರಲ್ಲ. ಇಲ್ಲೇ ಇರತ್ತೆ.”

“ಇಲ್ಲೇ ಅಂದ್ರೆ? ಬಾಟೊನೋ, ಅದು ನನ್ನ ನಾಯಿ.”

“ನೀನು ತಂದುಕೊಟ್ಟೆ ಮಗನೇ. ನಮ್ಮ ಮನೆತನ ಅದನ್ನ ಮರೆಯಲ್ಲ. ಆ ಕೋಣೇಲಿ ನೀನು ಇರೋವರೆಗೂ ಇರು, ಯಾರೂ ಎಬ್ಬಿಸಲ್ಲ. ಆದ್ರೆ ನಮ್ಮ ಅಜ್ಜಂದಿರ ನಾಯೀನ ಕನ್ನಡಕ ರಿಪೇರಿ ಮಾಡೋನ ಮಂಚದ ಕೆಳಗೆ ಮಲಗ್ಸು ಅಂತೀಯಾ?”

ಮುರಿಯಾಗೆ ಆಗಲೇ ಬೆಳ್ಳಿ ತಟ್ಟೆಯಲ್ಲಿ ಕುರಿಯ ಈಲಿ ಬಡಿಸಿತ್ತು. ಅದು ತಲೆಯೆತ್ತಲಿಲ್ಲ. ನುಗ್ಜಾರ ಒಬ್ಬನೇ ಕೆಳಗಿಳಿದು ಬಂದು, ಜೀವಾವಧಿ ಸಿಕ್ಕಿದ ತನ್ನ ಕೋಣೆಯ ಬಾಗಿಲು ತೆರೆದ. ಯಾರೂ ಎದ್ದು ನಿಲ್ಲಲಿಲ್ಲ.

ಹೀಗೆ, ಒಂದು ವಾರ ಬೀದಿನಾಯಿಯನ್ನು ರಾಜನಾಯಿ ಎಂದು ಸಾಧಿಸಲು ಓಡಾಡಿದ ಮನುಷ್ಯ ಮುಂದಿನ ವಾರ ಅದೇ ನಾಯಿಯನ್ನು ಬೀದಿನಾಯಿ ಎಂದು ಸಾಧಿಸಲು ಹೊರಟ. ಮೊದಲು ನಾನೂಲಿಯ ಬಳಿಗೆ ಹೋದ.

“ನಾನೂಲಕ್ಕಾ, ನಿಜ ಹೇಳ್ಬಿಡು. ಮೀನಿನ ಸಾಲಲ್ಲಿ ನೋಡಿದ್ದೀನಿ ಅಂತ.”

“ಲೋ, ಸಂತ ನೀನೋ ಮೇಲೆ ಆಣೆ ಇಟ್ಟಿದ್ದೀನಿ. ಇಟ್ಟ ಆಣೇನ ವಾಪಸ್ ತಗೊಳಕ್ಕೆ ಅದೇನು ಇಸ್ತ್ರಿಗ್ ಕೊಟ್ಟ ಬಟ್ಟೇನಾ? ನಿನ್ನ ಮಾತು ಕೇಳಿ ಎಡಗಣ್ಣು ಆಗ್ಲೇ ಹಾರ್ತಿದೆ ನಂಗೆ.”

ಆಮೇಲೆ ಅವನು ಹಳದಿ ಬಿಲ್ಲೆಯನ್ನು ಡಬ್ಬಿಯಿಂದ ತೆಗೆದುಕೊಂಡು, ಎರಡು ಬಸ್ಸು ಬದಲಾಯಿಸಿ, ನಾಯಿಗಳ ಕಿವಿಗೆ ಬಿಲ್ಲೆ ಚುಚ್ಚುವ ಕಚೇರಿಗೆ ಹೋದ. ಕಿಟಕಿಯ ಹಿಂದಿದ್ದ ಗುಮಾಸ್ತ ಬಿಲ್ಲೆಯ ಸಂಖ್ಯೆಯನ್ನು ಗಣಕದಲ್ಲಿ ಹುಡುಕಿದ.

“ಬಿಳೀ ಬಣ್ಣ. ಹೆಣ್ಣು. ಒಂದು ಕಣ್ಣಿಲ್ಲ. ಇದೇನಾ ನಿಮ್ಮದು?”

“ಅಲ್ಲ. ಕಂದು ಬಣ್ಣ. ಗಂಡು. ಎರಡೂ ಕಣ್ಣಿದೆ.”

“ಹಾಗಾದ್ರೆ ನಿಮ್ಮದು ಬೀದಿನಾಯಿ ಅಲ್ಲ.”

“ಬೀದೀಲೇ ಸಿಕ್ಕಿದ್ದು ಸ್ವಾಮೀ!”

“ಬೀದೀಲಿ ಸಿಕ್ಕಿದ್ದೆಲ್ಲ ಬೀದಿನಾಯಿ ಆಗಲ್ಲ. ಬೆಳಿಗ್ಗೆ ನಾನೂ ಬೀದೀಲೇ ಇದ್ದೆ. ನಮ್ಮ ಪಟ್ಟೀಲಿದ್ರೆ ಬೀದಿನಾಯಿ, ಇಲ್ದಿದ್ರೆ ಸಾಕುನಾಯಿ.”

“ಬಿಲ್ಲೆ ಅದಲು ಬದಲಾಗಿರಬಹುದಲ್ಲ?”

ಗುಮಾಸ್ತ ಮೊದಲ ಸಲ ಅವನ ಮುಖ ನೋಡಿದ. “ಬಿಲ್ಲೆ ಅದಲು ಬದಲಾಗಲ್ಲ. ನಾಯಿ ಅದಲು ಬದಲಾಗಿರಬಹುದು. ಆ ಬಿಳೀ ನಾಯಿ ಬಿಲ್ಲೆ ನಿಮ್ಮ ಹತ್ರ ಹೇಗ್ ಬಂತು? ಅದು ಎಲ್ಲಿದೆ? ಏನ್ ಮಾಡಿದ್ರಿ ಅದನ್ನ?”

ನುಗ್ಜಾರ ಬಿಲ್ಲೆಯನ್ನು ಅಲ್ಲೇ ಬಿಟ್ಟು ಓಡಿಬಂದ. ಈಗ ಮುರಿಯಾ ಸರ್ಕಾರದ ಪ್ರಕಾರ ಬೀದಿನಾಯಿಯಲ್ಲ, ವೈದ್ಯೆಯ ಪ್ರಕಾರ ಯಾವ ತಳಿಯೂ ಅಲ್ಲ, ಯಜಮಾನರ ಪ್ರಕಾರ ರಾಜನದು. ಅದು ನುಗ್ಜಾರನದೆಂದು ಹೇಳುವ ಒಂದು ಚೂರು ಕಾಗದ ಈ ಭೂಮಿಯ ಮೇಲೆ ಇರಲಿಲ್ಲ.

ಸಂತ ಗಿಯೋರ್ಗಿಯ ಹಬ್ಬದ ಮಧ್ಯಾಹ್ನ ಬೆಸಾರಿಯೋನರು ನೆಂಟರನ್ನೆಲ್ಲ ಊಟಕ್ಕೆ ಕರೆದರು. ಗಾಜಿನ ಮೊಗಸಾಲೆಯಲ್ಲಿ ಉದ್ದ ಮೇಜು, ಹದಿನೆಂಟು ಜನ, ಗಿಣ್ಣು ತುಂಬಿದ ಖಾಚಾಪುರಿ ರೊಟ್ಟಿಯ ಮೇಲೆ ರೊಟ್ಟಿ, ವಾಲ್‌ನಟ್ಟಿನ ಗೊಜ್ಜಿನಲ್ಲಿ ಮುಳುಗಿದ ಟರ್ಕಿ ಕೋಳಿ, ರಾಚಾದಿಂದ ಬಂದ ಹೊಗೆಯಾಡಿಸಿದ ಹಂದಿತೊಡೆ, ಕೂಜಗಟ್ಟಲೆ ದ್ರಾಕ್ಷಾರಸ. ಮೇಜಿನ ತಲೆಯಲ್ಲಿ ಬೆಸಾರಿಯೋನರು, ಅವರ ಬಲಕ್ಕೆ ಎತ್ತರದ ಕುರ್ಚಿಯ ಮೇಲೆ ಮುರಿಯಾ. ಅದರ ಕಿವಿಯ ತೂತಿನಲ್ಲಿ ಬೆಸಾರಿಯೋನರ ತಾಯಿಯ ಬೆಳ್ಳಿ ಓಲೆ ಹೊಳೆಯುತ್ತಿತ್ತು. ಹತ್ತೇ ದಿನದಲ್ಲಿ ಅದಕ್ಕೆ ಗಲ್ಲ ಬಂದಿತ್ತು. ನುಗ್ಜಾರನಿಗೆ ಸಿಕ್ಕಿದ್ದು ಮೇಜಿನ ಕೊನೆ, ಬೆಸಾರಿಯೋನರ ಸೋದರತ್ತೆ ಮಕ್ವಾಲಾಳ ಪಕ್ಕ. ತೊಂಬತ್ತೊಂದರ ಆ ಮುದುಕಿ ಹಳ್ಳಿಯಿಂದ ಬೆಳಿಗ್ಗೆ ಬಂದವಳು, ಯಾರೊಡನೆಯೂ ಮಾತಾಡದೆ ಒಂದೇ ಸಮನೆ ತಿನ್ನುತ್ತಿದ್ದಳು.

ಇಂಥ ಮೇಜಿಗೆ ಒಬ್ಬ ತಮಾದಾ ಇರುತ್ತಾನೆ. ಯಾವ ಹಾರೈಕೆಗೆ ಕುಡಿಯಬೇಕು, ಯಾವಾಗ ಕುಡಿಯಬೇಕು, ಎಲ್ಲ ಅವನ ಅಪ್ಪಣೆ. ಅವನು ಹಾರೈಕೆಯನ್ನು ಯಾರ ಹೆಸರು ಹಿಡಿದು ದಾಟಿಸುತ್ತಾನೋ ಅವರು ಎದ್ದು ಅದನ್ನು ಇನ್ನಷ್ಟು ಎತ್ತರಕ್ಕೆ ಒಯ್ಯಬೇಕು, ಒಲ್ಲೆನ್ನುವ ಹಾಗಿಲ್ಲ. ಈ ದಿನದ ತಮಾದಾ ಬೆಸಾರಿಯೋನರ ಚಿಕ್ಕಪ್ಪನ ಮಗ, ಹಲ್ಲಿನ ವೈದ್ಯ ಗುರಾಮ್. ಜನರ ಬಾಯಿ ತೆರೆಸಿಟ್ಟು ತಾನೊಬ್ಬನೇ ಮಾತಾಡುವುದು ಅವನಿಗೆ ಕಸುಬಿನಿಂದ ಬಂದ ವಿದ್ಯೆ. ಅವನು ಶಾಂತಿಗೆ, ಸಂತ ಗಿಯೋರ್ಗಿಗೆ, ನಾಡಿಗೆ, ಅಗಲಿದವರಿಗೆ ಕುಡಿಸಿ ಐದನೆಯದಾಗಿ ಪೂರ್ವಿಕರಿಗೆ ಬಂದ. ಬೇಟೆ ಮುಖ್ಯಸ್ಥನಿಂದ ಮೊದಲುಗೊಂಡು ಕಾಡು, ಕರಡಿ, ಕತ್ತಿ ಎಲ್ಲ ಹೇಳಿ ಮುಗಿಸಿ, “ಆ ಮನೆತನದ ನಾಯೀನ ಮನೆಗೆ ಸೇರಿಸಿದ ನುಗ್ಜಾರನಿಗೆ ದಾಟಿಸ್ತೀನಿ!” ಎಂದು ದ್ರಾಕ್ಷಾರಸ ತುಂಬಿದ ಕೊಂಬು ಎತ್ತಿ ಅವನ ಕಡೆ ಚಾಚಿದ.

ನುಗ್ಜಾರ ಕೊಂಬು ಕೈಗೆ ತೆಗೆದುಕೊಂಡು ಎದ್ದು ನಿಂತ. ಮುರಿಯಾನ ಕಡೆ ನೋಡಿದ. ಅದು ಅವನ ಕಡೆ ನೋಡಿ ಬಾಲ ಅಲ್ಲಾಡಿಸಿತು. ಇನ್ನು ತಡೆಯಲು ಅವನಿಂದ ಆಗಲಿಲ್ಲ.

“ನಾನು ಸುಳ್ಳು ಹೇಳ್ದೆ,” ಎಂದ. “ಈ ನಾಯಿಗೆ ವಂಶ ಇಲ್ಲ. ಇದರಪ್ಪ ಯಾರೋ ಗೊತ್ತಿಲ್ಲ. ಇದರಮ್ಮ ಮೀನಿನ ಪೆಟ್ಟಿಗೆ ಕೆಳಗೆ ಇದನ್ನ ಹೆತ್ತು ಹೊರಟೋದ್ಲು. ಇದನ್ನ ಯಾವ ರಾಜಾನೂ ಸಾಕಿಲ್ಲ, ಎಲ್ರೂ ಒದ್ರು. ಮಳೇಲಿ ನನ್ನ ಹಿಂದೆ ಬಂತು. ಬೀದಿನಾಯಿ. ನನಗೆ ಇದೊಂದೇ ಇರೋದು. ನನಗೆ ವಾಪಸ್ ಕೊಟ್ಬಿಡಿ.”

ಗುರಾಮ್ ಕಣ್ಣೊರೆಸಿಕೊಂಡ.

“ಕೇಳಿದ್ರೇನ್ರಪ್ಪಾ?” ಎಂದ ನಡುಗುವ ದನಿಯಲ್ಲಿ. “ನಾವೆಲ್ಲ ರಾಜರ ಹೆಸರು ಹೇಳ್ಕೊಂಡು ಮೀಸೆ ತಿರುವ್ತಾ ಕೂತಿದ್ವಿ. ಈ ಮನುಷ್ಯ ಒಂದು ನಾಯಿ ನೆವದಲ್ಲಿ ನಮ್ಮ ಕಪಾಳಕ್ಕೆ ಹೊಡ್ದ! ದೇವರ ಮುಂದೆ ಯಾರಿಗಿದೆ ವಂಶ? ಎಲ್ರೂ ಮಳೇಲಿ ಅವನ ಹಿಂದೆ ಹೋಗೋ ಬೀದಿಯವರೇ! ನಲವತ್ತು ವರ್ಷದಲ್ಲಿ ಇಂಥ ಹಾರೈಕೆ ನಾನು ಕೇಳಿಲ್ಲ!”

“ಜಯವಾಗ್ಲಿ!” ಎಂದು ಹದಿನಾರು ಜನ ಎದ್ದು ನಿಂತರು.

“ಹಾರೈಕೆ ಅಲ್ಲ ಸ್ವಾಮೀ, ನಿಜ!” ಎಂದು ನುಗ್ಜಾರ ಕಿರುಚಿದ.

“ನಿಜಾನೇ! ಇದಕ್ಕಿಂತ ನಿಜ ಇನ್ನೇನಿದೆ!” ಎಂದು ಗುರಾಮ್ ಅವನನ್ನು ತಬ್ಬಿ ಎರಡೂ ಕೆನ್ನೆಗೆ ಮುತ್ತಿಟ್ಟು, ಇನ್ನೊಂದು ಕೊಂಬು ತುಂಬಿಸಿದ. ಬೆಸಾರಿಯೋನರು ಅಳುತ್ತಿದ್ದರು. ಅವರ ಚಿಕ್ಕಪ್ಪನ ಮಗಳೊಬ್ಬಳು ಆ ಹಾರೈಕೆಯನ್ನು ಕರವಸ್ತ್ರದ ತುದಿಯಲ್ಲಿ ಬರೆದುಕೊಳ್ಳಲು ಪೆನ್ಸಿಲು ಹುಡುಕಿದಳು. ಮೇಜಿನಲ್ಲಿ ಕೊಂಬು ಹಿಡಿದು ನಿಂತವನು ಏನು ಹೇಳಿದರೂ ಅದು ಹಾರೈಕೆಯೇ. ನುಗ್ಜಾರ ಕುರ್ಚಿಯಲ್ಲಿ ಕುಸಿದ. ಸತ್ಯವನ್ನೂ ಹೇಳಿಯಾಯಿತು, ಅದೂ ಕೆಲಸಕ್ಕೆ ಬರಲಿಲ್ಲ.

ಮಕ್ವಾಲಾ ಮೂಳೆಯನ್ನು ತಟ್ಟೆಗೆ ಹಾಕಿ ಬೆರಳು ಒರೆಸಿಕೊಂಡಳು.

“ಅವನು ಹೇಳ್ತಿರೋದು ನಿಜ ಕಣ್ರೋ ಕತ್ತೆಗಳಾ,” ಎಂದಳು. ಕೊಂಬು ಹಿಡಿಯದೆ, ಏಳದೆ, ಉಪ್ಪು ಕೇಳುವ ದನಿಯಲ್ಲಿ ಹೇಳಿದ್ದರಿಂದ ಅದು ಎಲ್ಲರಿಗೂ ಕೇಳಿಸಿತು. “ಅದು ಬೀದಿನಾಯಿ. ನಿಮಗೇನು ಕಣ್ಣಿಲ್ವಾ? ಮತ್ತೆ ಅದ್ಯಾವನು ಬೇಟೆ ಮುಖ್ಯಸ್ಥ?”

“ನಮ್ಮ ಮುತ್ತಜ್ಜನ ಅಪ್ಪ, ಅತ್ತೇ,” ಎಂದರು ಬೆಸಾರಿಯೋನರು ಸಣ್ಣ ದನಿಯಲ್ಲಿ.

“ನಿನ್ನ ಮುತ್ತಜ್ಜ ಅಂದ್ರೆ ನಮ್ಮಜ್ಜ. ಅವನಿಗೆ ಅಪ್ಪ ಇರ್ಲಿಲ್ಲ. ಚರ್ಚಿನ ಬಾಗಿಲಲ್ಲಿ ಬಟ್ಟೆ ಸುತ್ತಿ ಬಿಟ್ಟೋಗಿದ್ರು, ಪಾದ್ರಿ ಸಾಕ್ದ. ಹೆಸ್ರೂ ಪಾದ್ರೀದೇ. ಆ ಚಿತ್ರ ನಿಮ್ಮಪ್ಪ ಸಂತೇಲಿ ತಂದಿದ್ದು. ಗೋಡೆ ತೇವ ಹೊಡೀತಿತ್ತು, ಮುಚ್ಚೋಕೆ ಅಂತ ತಂದ.”

ಯಾರೂ ಜಯವಾಗಲಿ ಎನ್ನಲಿಲ್ಲ. ಗುರಾಮ್ ಬಾಯಿ ತೆರೆದು ಹಾಗೆಯೇ ಬಿಟ್ಟ. ಹದಿನಾರು ಜನ ನೆಂಟರು ತಮ್ಮ ತಮ್ಮ ತಟ್ಟೆಯೊಳಗೆ ನೋಡಿಕೊಂಡರು, ಯಾಕೆಂದರೆ ಆ ಅಜ್ಜ ಅವರಿಗೂ ಅಜ್ಜನೇ. ಬೆಸಾರಿಯೋನರ ಕೈಯ ಲೋಟ ತುಳುಕಿ ಬಿಳಿ ಮೇಜುಬಟ್ಟೆಯ ಮೇಲೆ ಕಲೆ ಹರಡಿತು. ಅವರ ಹಿಂದೆ, ಗೋಡೆಯ ಮೇಲೆ, ಚಿತ್ರದ ಚೌಕಟ್ಟಿನ ಕೆಳಗಿನಿಂದ ತೇವದ ಹಸಿರು ಅಂಚು ಇಣುಕುತ್ತಿದ್ದುದು ಆಗ ಎಲ್ಲರಿಗೂ ಕಾಣಿಸಿತು.

ನುಗ್ಜಾರ ಗೆದ್ದಿದ್ದ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕು, ಸಾಯಂಕಾಲ ಮುರಿಯಾ ಅವನ ಮಂಚದ ಕೆಳಗಿರುತ್ತಿತ್ತು. ಸುಮ್ಮನೆ ಕೂರುವುದನ್ನು ಅವನು ಬಾಳೆಲ್ಲ ಮಾಡಿದ್ದ. ಆಗ ಬೆಸಾರಿಯೋನರು ತಲೆಯೆತ್ತಿ, ಉದ್ದ ಮೇಜಿನ ಆ ತುದಿಯಿಂದ ಅವನನ್ನು ನೋಡಿದರು. ಒದೆಸಿಕೊಳ್ಳಲು ತಯಾರಾದ ಆ ಮುಖವನ್ನು ನುಗ್ಜಾರ ಮೊದಲೊಮ್ಮೆ ಮಳೆಯಲ್ಲಿ ತನ್ನ ಬಾಗಿಲ ಬಳಿ ನೋಡಿದ್ದ.

ಹಾಳಾದದ್ದು, ಅವನು ಮತ್ತೆ ಎದ್ದು ನಿಂತ.

“ಅಜ್ಜೀ, ನ್ಯಾಯವಾಗಿ ನಾನು ಮಾತಾಡಬಾರದು,” ಎಂದ. “ಆದ್ರೆ ಆ ಚಿತ್ರಾನ ಭೂತಗನ್ನಡಿ ಇಟ್ಟು ನೋಡಿರೋನು ನಾನು. ಅದು ನನ್ನ ಕಸುಬು. ಮೂಲೇಲಿ ಬರಹ ಇದೆ. ಅಳಿಸಿಹೋಗಿದೆ, ಆದ್ರೂ ಈ ಮನೆಯ ಹೆಸರು ಓದಬಹುದು. ಸಂತೆಗೆ ಹೋದದ್ದು ಹೌದು. ಕೆಟ್ಟ ಕಾಲದಲ್ಲಿ ಯಾರ ಮನೆ ಚಿತ್ರ ಸಂತೆಗೆ ಹೋಗಿಲ್ಲ? ಇವರ ತಂದೆ ಗೊತ್ತಿದ್ದೇ ಹುಡುಕಿ ತಂದಿರಬೇಕು. ಮತ್ತೆ ಆ ಮಗು... ದೊಡ್ಡ ಮನೆಯವರು ಶತ್ರುಗಳ ಕೈಗೆ ಸಿಗದಿರ್ಲಿ ಅಂತ ಮಕ್ಕಳನ್ನ ಚರ್ಚಿನ ಬಾಗಿಲಲ್ಲೇ ಬಿಡ್ತಿದ್ರಂತಲ್ಲ.”

“ಹೌದು! ಶತ್ರುಗಳು!” ಎಂದ ಗುರಾಮ್‌ಗೆ ಜೀವ ಬಂತು. “ನಾನೂ ಓದಿದ್ದೀನಿ!”

“ಸುತ್ತಿದ ಬಟ್ಟೆ ರೇಷ್ಮೇದು ಅಂತ ಅಮ್ಮ ಹೇಳ್ತಿದ್ಲು,” ಎಂದಳು ಪೆನ್ಸಿಲು ಹುಡುಕಿದವಳು, ಅಂಥ ಮಾತು ಅವಳಮ್ಮ ಎಂದೂ ಹೇಳಿರದಿದ್ದರೂ.

“ಹಾಗಾದ್ರೆ ನಾಯಿ?” ಎಂದು ಗುರಾಮ್ ಕೊಂಬು ಎತ್ತಿಕೊಂಡೇ ಕೇಳಿದ.

ನುಗ್ಜಾರ ಮುರಿಯಾನ ಕಡೆ ನೋಡಿದ. ಬಹಳ ಹೊತ್ತು ನೋಡಿದರೆ ಮಾತು ಹೊರಡದೆಂದು ಬೇಗ ಬೇಗ ಹೇಳಿದ.

“ನಾಯಿ ಈ ಮನೇದೇ.”

“ಜಯವಾಗ್ಲಿ!” ಎಂಬ ಕೂಗಿಗೆ ಗಾಜುಗಳು ಅದುರಿದವು. ಮಕ್ವಾಲಾ ಅವನನ್ನು ಮೇಲಿಂದ ಕೆಳಗೆ ನೋಡಿ, “ನಿನಗೆ ತಲೆ ನೆಟ್ಟಗಿಲ್ಲ ಮಗನೇ,” ಎಂದು ತನ್ನ ತಟ್ಟೆಯಲ್ಲಿದ್ದ ಒಳ್ಳೆಯ ತುಂಡನ್ನು ಅವನ ತಟ್ಟೆಗೆ ಹಾಕಿದಳು. “ತಿನ್ನು. ಇನ್ನೇನು ಮಾಡ್ತೀಯ.”

ಮಾರನೆಯ ಬೆಳಿಗ್ಗೆ ಬೆಸಾರಿಯೋನರು ಕೆಳಗಿಳಿದು ಬಂದರು. ಒಂದು ಕೈಯಲ್ಲಿ ಮುರಿಯಾನ ಹಗ್ಗ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಕಾಗದ. ಅವರು ನುಗ್ಜಾರನ ಕಣ್ಣಿಗೆ ಕಣ್ಣು ಕೊಡದೆ, ಅವನ ಹಿಂದಿನ ಗೋಡೆಯನ್ನು ನೋಡಿಕೊಂಡು ಮಾತಾಡಿದರು.

“ಬೆಳಿಗ್ಗೆವರೆಗೂ ಕೂತು ಯೋಚನೆ ಮಾಡ್ದೆ. ಇಷ್ಟು ಜನ ಇರೋ ಊರಲ್ಲಿ ಆ ನಾಯಿ ನಿನ್ನ ಹಿಂದೇನೇ ಯಾಕೆ ಬಂತು? ಕಾರಣ ಇರ್ಬೇಕಲ್ಲ. ನಮ್ಮ ಹಿರಿಯರ ನಾಯಿಗಳನ್ನ ನೋಡ್ಕೊಳ್ತಿದ್ದದ್ದು ನಿನ್ನ ಹಿರಿಯರೇ. ಅದಕ್ಕೆ ವಾಸನೆ ಸಿಕ್ಕಿದೆ.”

ಕಾಗದವನ್ನು ಬಿಚ್ಚಿದರು. ನಕಾಶೆ ಬರೆಯುತ್ತಿದ್ದ ಕೈಯ ಚೆಂದದ ಅಕ್ಷರದಲ್ಲಿ, ರಾಜನ ಬೇಟೆಪಡೆಯ ಮುಖ್ಯಸ್ಥರ ಮನೆಯ ನಾಯಿಪಾಲಕರ ವಂಶವೆಂದು ನುಗ್ಜಾರನ ಏಳು ತಲೆಮಾರು ಬರೆದಿತ್ತು. ಮೊದಲ ಆರು ಹೆಸರುಗಳನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಅಡಿಯಲ್ಲಿ ಮೊಹರು.

“ಬೆಳಿಗ್ಗೆ ಅರ್ಧ ಗಂಟೆ, ಸಾಯಂಕಾಲ ಅರ್ಧ ಗಂಟೆ ತಿರುಗಾಡಿಸ್ಬಹುದು,” ಎಂದರು ಬೆಸಾರಿಯೋನರು. ಹಗ್ಗವನ್ನು ಅವನ ಕಡೆ ಚಾಚಿ, “ಮನೇಲಿ ನಂಗೂ ಬೇರೆ ಯಾರೂ ಇಲ್ಲ ಕಣೋ,” ಎಂದರು.

ನುಗ್ಜಾರ ಹಗ್ಗ ತೆಗೆದುಕೊಂಡ. ಅವರಿಬ್ಬರೂ ಮೀನಿನ ಸಾಲಿನ ಮೂಲಕ ಹಾದುಹೋದಾಗ ಮೀನಿನವಳು ಕತ್ತಿ ಕೆಳಗಿಟ್ಟು ಬೆರಗಾಗಿ ನೋಡಿದಳು.

“ಅಯ್ಯೋ, ನಮ್ಮ ಮುರಿಯಾ! ಓಲೆ ಹಾಕ್ಕೊಂಡಿದೆಯಲ್ಲೇ! ಏನೋ ನುಗ್ಜಾರಾ, ನಾಯಿ ನಿಂದಾಯ್ತಾ ಕೊನೆಗೂ?”

“ನಾಯಿ ಮಹಡಿಯವರದು,” ಎಂದ ನುಗ್ಜಾರ. “ನಾವು ನೋಡ್ಕೊಳ್ಳೋರು. ಏಳು ತಲೆಮಾರಿನಿಂದ.”

ಸಾಯಂಕಾಲದ ಅರ್ಧ ಗಂಟೆಯೂ ಮುಗಿದು ಮುರಿಯಾ ಈಲಿಯ ವಾಸನೆ ಹಿಡಿದು ಮಹಡಿ ಹತ್ತಿ ಹೋಯಿತು. ಅದರ ಉಗುರುಗಳ ಸದ್ದು ನುಗ್ಜಾರನ ತಲೆಯ ಮೇಲೆ ಆ ಮೂಲೆಯಿಂದ ಈ ಮೂಲೆಗೆ ನಡೆದು, ಒಂದು ಕಡೆ ನಿಂತಿತು. ಅವನು ದೀಪ ಹಚ್ಚಿ ಮಂಚದ ಮೇಲೆ ಕೂತ. ಕೋಣೆ ಅವನದು, ಯಾರೂ ಎಬ್ಬಿಸುವಂತಿಲ್ಲ. ನೆಗಡಿ ಯಾವತ್ತೋ ವಾಸಿಯಾಗಿತ್ತು. ಆದರೂ ಅವನು ಗಂಟಲು ಸರಿಮಾಡಿಕೊಂಡು, ಜೋರಾಗಿ ಒಮ್ಮೆ ಕೆಮ್ಮಿದ.

ಮೇಲೆ ಮುರಿಯಾ ಬೊಗಳಿತು.

“ಮತ್ತೆ ಶುರುವಾಯ್ತಾ ನಿನ್ನ ಕ್ಷಯ?” ಎಂದು ಎದುರಿನ ಜಗಲಿಯಿಂದ ನಾನೂಲಿ ಕೂಗಿದಳು. “ಮುರಬ್ಬ ಖಾಲಿಯಾಗಿದೆ ಕಣೋ!”

ನುಗ್ಜಾರ ಇನ್ನೊಮ್ಮೆ ಕೆಮ್ಮಿದ.